ಕಟಾ ಬರೀ ಡ್ಯಾನ್ಸಾ ಮೇಡಂ?

ಹೋದ ಸಂಚಿಕೆಯಲ್ಲಿ ಜೂಡೊದಲ್ಲಿ ಪೆಟ್ಟಾಗದ ಹಾಗೆ ಬೀಳೋದು ಹೇಗೆ ಅಂತ ಬರೆದಿದ್ದೆ, ಕೊನೇಲಿ ಕಟಾ ಬಗ್ಗೆ ಒಂದೇ ಒಂದು ಸಾಲು ಹಾಕಿದ್ದೆ ಅಷ್ಟೇ, ಈ ಸಲ ಬಂದಿರೋ ಪ್ರಶ್ನೆಗಳು ಮುಕ್ಕಾಲು ಪಾಲು ಅದರ ಮೇಲೇನೆ. ಗೊತ್ತಿಲ್ಲದವ್ರಿಗೆ ಚುಟುಕಾಗಿ ಹೇಳ್ಬಿಡ್ತೀನಿ. ಕಟಾ ಅಂದ್ರೆ ಇಬ್ಬರು ಸೇರಿ ಮೊದಲೇ ಗೊತ್ತಾಗಿರೋ ಕ್ರಮದಲ್ಲಿ ಮಾಡೋ ಅಭ್ಯಾಸ, ಪಟ್ಟು ಹಾಕೋರು ತೋರಿ, ಹಾಕಿಸ್ಕೊಳ್ಳೋರು ಉಕೆ, ಮುಂದೆ ಏನು ಬರತ್ತೆ ಅಂತ ಇಬ್ಬರಿಗೂ ಗೊತ್ತಿರತ್ತೆ. ಅದರಲ್ಲಿ ಆತ್ಮರಕ್ಷಣೆಗೆ ಅಂತಲೇ ಇರೋದು ಕೊಡೊಕಾನ್ ಗೋಶಿನ್ ಜುಟ್ಸು, ಒಟ್ಟು 21 ಪಟ್ಟು, ಕೊಡೊಕಾನ್ ಅಂದ್ರೆ ಟೋಕಿಯೋದಲ್ಲಿರೋ ಜೂಡೊದ ಮೂಲ ಸಂಸ್ಥೆ. ಸರಿ, ಪ್ರಶ್ನೆಗಳಿಗೆ ಬರೋಣ.

ಮೇಡಂ, ನಾನು ಬ್ಲೂ ಬೆಲ್ಟ್. ಬ್ಲ್ಯಾಕ್ ಬೆಲ್ಟ್ ಟೆಸ್ಟ್‌ಗೆ ಕಟಾ ಬೇಕೇ ಬೇಕು ಅಂತ ನಮ್ಮ ಕೋಚ್ ದಿನಾ ಅದನ್ನೇ ಮಾಡಿಸ್ತಾರೆ, ಈಗ ಗೋಶಿನ್ ಜುಟ್ಸು ಕೂಡ ಶುರು ಮಾಡಿದಾರೆ. ಎದುರಿಗಿರೋನು ನಿಧಾನಕ್ಕೆ ಕೈ ಚಾಚ್ತಾನೆ, ನಾನು ಹಿಡಿದು ತಿರುಚ್ತೀನಿ, ಅವನು ತಾನಾಗೇ ಬೀಳ್ತಾನೆ. ಬಸ್ ಸ್ಟ್ಯಾಂಡಲ್ಲಿ ಯಾರಾದ್ರೂ ಹಿಂಗೆ ಹೊಡೆಯೋಕೆ ಬರ್ತಾರಾ? ಇದು ಬರೀ ಡ್ಯಾನ್ಸ್ ಅಲ್ವಾ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ನೀವು ಬರೆದಿರೋ ಹಾಗೇ ಮಾಡ್ತಿದ್ರೆ ಹೌದು ಕಣಪ್ಪಾ, ಡ್ಯಾನ್ಸೇ. ಆದ್ರೆ ತಪ್ಪು ಕಟಾದ್ದಲ್ಲ, ನಿಮ್ಮ ಉಕೆದು, ಮತ್ತೆ ಅವನ ಸರದಿ ಮುಗಿದು ನೀವು ಉಕೆ ಆದಾಗ ನಿಮ್ಮದೂ. ಕಟಾ ಕ್ಲಾಸಲ್ಲಿ ಎಲ್ಲರ ಕಣ್ಣೂ ತೋರಿ ಮೇಲೇ ಇರತ್ತೆ, ಕಾಲು ಎಲ್ಲಿಟ್ಟ, ಮಣಿಕಟ್ಟು ಸರಿ ಹಿಡಿದ್ನಾ, ಸೊಂಟ ತಿರುಗಿಸಿದ್ನಾ ಅಂತ, ಉಕೆ ಸುಮ್ನೆ ಬಂದು ನಿಂತ್ರೂ ಯಾರೂ ಕೇಳಲ್ಲ. ನಾನು ನೋಡಿರೋ ಪ್ರಕಾರ ಹಾಳಾದ ಕಟಾಗಳಲ್ಲಿ ಹೆಚ್ಚಿನವು ಉಕೆಯಿಂದಲೇ ಹಾಳಾಗಿರ್ತವೆ.

ಗೋಶಿನ್ ಜುಟ್ಸುದ ಮೊಟ್ಟಮೊದಲ ಪಟ್ಟನ್ನೇ ತಗೊಳ್ಳಿ, ರ್ಯೋತೆ ದೋರಿ, ಎರಡೂ ಮಣಿಕಟ್ಟು ಹಿಡಿಯೋದು. ಉಕೆ ಮುಂದೆ ಬಂದು ನಿಮ್ಮ ಎರಡೂ ಮಣಿಕಟ್ಟು ಹಿಡೀತಾನೆ, ನೀವು ಎಡಗಾಲು ಹಿಂದಕ್ಕೆ ಇಟ್ಟು, ಬಲಗೈ ಮೊಣಕೈ ಮೇಲೆತ್ತಿ ಕೈ ಬಿಡಿಸ್ಕೊಂಡು, ಅದೇ ಅಂಗೈ ಅಂಚಿಂದ ಅವನ ಕಣತಲೆಗೆ ಹೊಡೆದು, ಅವನ ಬಲ ಮಣಿಕಟ್ಟು ತಿರುಚಿ ಬಗ್ಗಿಸ್ತೀರ. ಇಷ್ಟು ಎಲ್ಲರೂ ಮಾಡ್ತಾರೆ. ಮರೆಯೋದು ಯಾವುದನ್ನ ಗೊತ್ತಾ, ಉಕೆ ಕೈ ಹಿಡಿದ ತಕ್ಷಣ ಬಲ ಮಂಡಿ ಎತ್ತಿ ನಿಮ್ಮ ತೊಡೆಸಂದಿಗೆ ಹೊಡೆಯೋಕೆ ಬರಬೇಕು! ಆ ಮಂಡಿ ಬರ್ತಿದೆ ಅಂತಲೇ ನೀವು ಹಿಂದೆ ಸರಿಯೋದು. ಮಂಡಿನೇ ಬರಲಿಲ್ಲ ಅಂದ್ರೆ ನೀವು ಯಾಕೆ ಹಿಂದೆ ಹೋದ್ರಿ, ಪುಸ್ತಕದಲ್ಲಿ ಬರೆದಿದೆ ಅಂತ ಹೋದ್ರಿ, ಅಷ್ಟೇ. ಹಿಡಿಯೋದೂ ಹಂಗೇ, ಉಕೆ ನೆಟ್ಟಗೆ ಬಿಗಿಯಾಗಿ ಹಿಡಿದ್ರೆ ಅವನ ಹೆಬ್ಬೆರಳಿಗೂ ಬೆರಳುಗಳಿಗೂ ಮಧ್ಯೆ ಇರೋ ಸಂದಿ ಕಡೆಯಿಂದಲೇ ಕೈ ಬಿಡಿಸ್ಕೊಬೇಕಾಗತ್ತೆ, ಬೇರೆ ಕಡೆ ಎಳೆದ್ರೆ ಬರೋದೇ ಇಲ್ಲ. ಸಡಿಲವಾಗಿ ಹಿಡಿದ್ರೆ ಎಲ್ಲಿ ಎಳೆದ್ರೂ ಬರತ್ತೆ, ಆಗ ನೀವು ಏನೂ ಕಲಿಯಲ್ಲ.

ಚಾಕು ಪಟ್ಟು ನೋಡಿ, ಚೋಕು ತ್ಸುಕಿ. ಉಕೆ ಒಂದು ಹೆಜ್ಜೆ ಮುಂದಿಟ್ಟು ಹೊಟ್ಟೆಗೆ ನೇರ ಚುಚ್ಚಬೇಕು. ನೀವು ಮೈ ತಿರುಗಿಸಿ ಆ ಗೆರೆಯಿಂದ ಆಚೆ ಹೋಗ್ತಾನೇ ಅವನ ಮೊಣಕೈ ಹಿಡಿದು, ದವಡೆಗೆ ಒಂದು ಕೊಟ್ಟು, ಆಮೇಲೆ ತೋಳನ್ನ ಕಂಕುಳಲ್ಲಿ ಸಿಕ್ಕಿಸಿ ಒತ್ತಬೇಕು. ನಮ್ಮ ಕ್ಲಾಸಲ್ಲಿ ಹೊಸಬರು ಇದನ್ನ ಮಾಡುವಾಗ ಉಕೆ ಚುಚ್ಚೋದು ಎಲ್ಲಿಗೆ ಅಂತ ಗಮನಿಸ್ತೀನಿ, ಹತ್ತರಲ್ಲಿ ಎಂಟು ಜನ ತೋರಿಯ ಹೊಟ್ಟೆಗೆ ಗುರಿ ಇಡಲ್ಲ, ತೋರಿ ಆಮೇಲೆ ಬಂದು ನಿಲ್ಲೋ ಜಾಗದ ಪಕ್ಕದ ಗಾಳಿಗೆ ಚುಚ್ತಾರೆ, ಫ್ರೆಂಡ್‌ಗೆ ನೋವಾಗ್ಬಾರ್ದು ಅನ್ನೋ ಒಳ್ಳೇ ಮನಸ್ಸು. ಆ ಒಳ್ಳೇತನದಿಂದ ತೋರಿಗೆ ಎಷ್ಟು ದೂರ ಇದ್ರೆ ಅಪಾಯ, ಯಾವಾಗ ಕದಲಿದ್ರೆ ಸರಿ ಅನ್ನೋದು ಮೈಗೆ ಹತ್ತೋದೇ ಇಲ್ಲ. ಬೇಗ ಕದಲಿದ್ರೆ ನಿಜವಾದ ಮನುಷ್ಯ ಚಾಕು ಇರೋ ಕೈಯನ್ನ ನೀವು ಹೋದ ಕಡೆಗೇ ತಿರುಗಿಸ್ತಾನೆ, ತಡ ಆದ್ರೆ ಚುಚ್ಚಿಸ್ಕೊಳ್ತೀರ. ಮಧ್ಯದಲ್ಲಿರೋ ಆ ಕ್ಷಣ ಸಿಗಬೇಕಂದ್ರೆ ಉಕೆ ರಬ್ಬರ್ ಚಾಕುನ ಹೊಟ್ಟೆಗೇ ತರಬೇಕು, ನೀವು ಕದಲದಿದ್ರೆ ತಾಗಬೇಕು, ತಾಗಲಿ ಬಿಡಿ, ರಬ್ಬರ್ ತಾನೆ.

ಹೇಗೆ ಮಾಡೋದು ಅಂತ ಕೇಳ್ತೀರ. ಮೊದಲು ನಿಧಾನಕ್ಕೆ, ಆದ್ರೆ ಗುರಿ ಸರಿಯಾಗಿಟ್ಟು, ನಿಧಾನ ಅಂದ್ರೆ ಸುಳ್ಳು ಅಂತಲ್ಲ. ಕ್ರಮ ಬಾಯಿಪಾಠ ಆದ್ಮೇಲೆ ವೇಗ ಏರಿಸಿ, ಅದೂ ಉಕೆ ವೇಗ, ತೋರಿ ವೇಗ ತಾನಾಗೇ ಬರತ್ತೆ. ಅದಾದ್ಮೇಲೆ ಉಕೆ ಹೊತ್ತು ಬದಲಾಯಿಸ್ಲಿ, ಎದುರಿಗೆ ಬಂದು ನಿಂತು ಕೂಡ್ಲೇ ಚುಚ್ಚಬಹುದು, ಎರಡು ಉಸಿರು ಬಿಟ್ಟು ಚುಚ್ಚಬಹುದು. ಕೊನೇದಾಗಿ ಚಾಕುದು ಮೂರು ಪಟ್ಟಲ್ಲಿ ಯಾವುದು ಅಂತ ಹೇಳ್ದೆ ಬರಲಿ. ಈ ಕೊನೇದನ್ನ ಟೆಸ್ಟಲ್ಲಿ ಯಾರೂ ಕೇಳಲ್ಲ, ಆದ್ರೆ ನಿಮ್ಮ ಬಸ್ ಸ್ಟ್ಯಾಂಡ್ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗತ್ತೆ. ಇನ್ನರ್ಧ ರಾಂಡೋರಿಲಿ, ಅಂದ್ರೆ ಇಬ್ಬರೂ ಬಿಟ್ಟುಕೊಡದೆ ಹಿಡಿದಾಡೋದ್ರಲ್ಲಿ ಸಿಗತ್ತೆ. ರಾಂಡೋರಿ ಇಲ್ಲದೆ ಬರೀ ಕಟಾ ಮಾಡಿ ರಕ್ಷಣೆ ಕಲಿತೆ ಅನ್ನೋರನ್ನ ನಾನು ನಂಬಲ್ಲ, ಅದೇ ತರ ಬರೀ ಮ್ಯಾಚ್ ಆಡಿ ಚಾಕು ತಪ್ಪಿಸ್ತೀನಿ ಅನ್ನೋರನ್ನೂ ನಂಬಲ್ಲ, ಯಾಕಂದ್ರೆ ಜೂಡೊ ಮ್ಯಾಚಲ್ಲಿ ಹೊಡೆತ ಇಲ್ಲ, ಒದೆ ಇಲ್ಲ, ಕೀಲು ಲಾಕ್ ಅಂದ್ರೆ ಮೊಣಕೈಗೆ ಮಾತ್ರ. ಮಣಿಕಟ್ಟಿನ ಪಟ್ಟು, ಮುಷ್ಟಿ ಹೊಡೆತ ಇವೆಲ್ಲ ಉಳ್ಕೊಂಡಿರೋದೇ ಕಟಾದಲ್ಲಿ.

ಬ್ಲ್ಯಾಕ್ ಬೆಲ್ಟ್ ಟೆಸ್ಟ್‌ಗೆ ಸಾಮಾನ್ಯವಾಗಿ ಕೇಳೋದು ನಾಗೆ ನೋ ಕಟಾ, 15 ಎಸೆತ, ಒಂದೊಂದೂ ಬಲಕ್ಕೊಂದ್ಸಲ ಎಡಕ್ಕೊಂದ್ಸಲ. ಗೋಶಿನ್ ಜುಟ್ಸು ಕೊಡೊಕಾನ್ ಪರೀಕ್ಷೆಗಳ ಸಾಲಲ್ಲಿ ಎಷ್ಟೋ ಮೇಲೆ ಬರತ್ತೆ. ನಿಮ್ಮ ಕೋಚ್ ಈಗಲೇ ತೋರಿಸ್ತಿದಾರೆ ಅಂದ್ರೆ ಪುಣ್ಯ ಅಂದ್ಕೊಳ್ಳಿ, ಆದ್ರೆ ಟೆಸ್ಟ್ ಹತ್ರ ಬಂದಾಗ ನಾಗೆ ನೋ ಕಟಾ ಮೊದಲು.

ಮೇಡಂ, 1882ರಲ್ಲಿ ಜೂಡೊ ಶುರು ಮಾಡಿದ ಜಿಗೊರೊ ಕಾನೊ ಅವರೇ ಪಿಸ್ತೂಲ್ ಪಟ್ಟುಗಳನ್ನೂ ಮಾಡಿದ್ರಾ? ಅಷ್ಟು ಮುಂದಾಲೋಚನೆ ಇತ್ತಾ ಅವರಿಗೆ?
— ಓದುಗರು, ಧಾರವಾಡ

ಇಲ್ಲ ಸರ್. ಕಾನೊ ತೀರ್ಕೊಂಡಿದ್ದು 1938ರಲ್ಲಿ, ಕೈರೋದಲ್ಲಿ ಒಲಿಂಪಿಕ್ ಸಮಿತಿ ಸಭೆ ಮುಗಿಸ್ಕೊಂಡು ಹಡಗಲ್ಲಿ ವಾಪಸ್ ಬರುವಾಗ. ಗೋಶಿನ್ ಜುಟ್ಸುನ ಕೊಡೊಕಾನ್ ಹೊರಗೆ ತಂದಿದ್ದು 1956ರಲ್ಲಿ. ಕಾನೊ ಕಾಲದ ಆತ್ಮರಕ್ಷಣೆ ಕಟಾ ಅಂದ್ರೆ ಕಿಮೆ ನೋ ಕಟಾ, ಅದು 20 ಪಟ್ಟು, ಅದರಲ್ಲಿ 8 ಮಂಡಿಯೂರಿ ಕೂತು ಮಾಡೋದು, 12 ನಿಂತು ಮಾಡೋದು, ಚಾಕು ಇದೆ, ಕತ್ತಿನೂ ಇದೆ. ಚಾಪೆ ಮೇಲೆ ಎದುರುಬದುರು ಕೂತಿರೋರು ಇದ್ದಕ್ಕಿದ್ದಂಗೆ ಚಾಕು ತೆಗೆಯೋ ಕಾಲದ್ದು ಅದು. ಯುದ್ಧ ಆದ್ಮೇಲಿನ ಟೋಕಿಯೋದಲ್ಲಿ ಯಾರು ಕತ್ತಿ ಹಿಡ್ಕೊಂಡು ಓಡಾಡ್ತಾರೆ, ಅದಕ್ಕೆ ಕತ್ತಿ ತೆಗೆದು ದೊಣ್ಣೆ, ಪಿಸ್ತೂಲ್ ಹಾಕಿದ್ರು, ಎಲ್ಲವೂ ನಿಂತೇ ಮಾಡೋ ಹಂಗೆ ಮಾಡಿದ್ರು. ಲೆಕ್ಕ ಹೀಗಿದೆ: ಬರಿಗೈದು 12, ಅದರಲ್ಲಿ ಹಿಡ್ಕೊಂಡಾಗಿನವು 7, ದೂರದಿಂದ ಹೊಡೆಯೋಕೆ ಬಂದಾಗಿನವು 5, ಆಮೇಲೆ ಚಾಕು, ದೊಣ್ಣೆ, ಪಿಸ್ತೂಲ್ ತಲಾ 3. ಇದನ್ನ ರೂಪಿಸಿದವರಲ್ಲಿ ಕೆಂಜಿ ತೊಮಿಕಿ ಅನ್ನೋರು ಮುಖ್ಯ, ಅವರು ಜೂಡೊ ಜೊತೆ, ಐಕಿಡೊ ಹುಟ್ಟುಹಾಕಿದ ಮೊರಿಹೆ ಉಎಶಿಬಾ ಅವರ ಹತ್ರ ಮಣಿಕಟ್ಟಿನ ಪಟ್ಟು ಜಾಸ್ತಿ ಇರೋ ಆ ಐಕಿಡೊನೂ ಕಲಿತಿದ್ದೋರು. ಮಣಿಕಟ್ಟು ತಿರುಚೋ ಪಟ್ಟುಗಳು ಅಷ್ಟೊಂದು ಯಾಕಿವೆ ಅಂತ ಕೇಳೋರಿಗೆ ಇದೇ ಉತ್ತರ.

ಮೇಡಂ, ಕಟಾ ಪ್ರಾಕ್ಟೀಸ್ ಮಾಡುವಾಗ ಪಾರ್ಟ್ನರ್ ಮಣಿಕಟ್ಟು ತಿರುಚಿದಾಗ ಜೋರಾಗಿ ಅಂಗೈ ಊರಿ ಬಿದ್ದೆ. ಎರಡು ವಾರ ಆಯ್ತು, ಊತ ಇಳಿದಿದೆ ಆದ್ರೆ ಹೆಬ್ಬೆರಳ ಬುಡದಲ್ಲಿ ಒತ್ತಿದ್ರೆ ನೋವು. ಬ್ಯಾಂಡೇಜ್ ಕಟ್ಕೊಂಡು ಮುಂದುವರೆಸ್ಬಹುದಾ?
— ಪಿಯು ವಿದ್ಯಾರ್ಥಿನಿ, ಮೈಸೂರು

ಬೇಡ ಪುಟ್ಟಾ, ಮೊದಲು ಮೂಳೆ ಡಾಕ್ಟರ್ ಹತ್ರ ಹೋಗು. ಹೆಬ್ಬೆರಳು ಮೇಲಕ್ಕೆತ್ತಿದಾಗ ಬುಡದಲ್ಲಿ ಒಂದು ಸಣ್ಣ ಗುಳಿ ಕಾಣತ್ತಲ್ಲ, ಅಲ್ಲಿ ಒತ್ತಿದ್ರೆ ನೋವಿದ್ರೆ ಸ್ಕಾಫಾಯ್ಡ್ ಅನ್ನೋ ಪುಟ್ಟ ಮೂಳೆ ಬಿರುಕು ಬಿಟ್ಟಿರ್ಬಹುದು, ಕೈಯೂರಿ ಬಿದ್ದೋರಿಗೆ ಆಗೋದೇ ಅದು. ಮೊದಲ ಎಕ್ಸ್‌ರೇಲಿ ಕೆಲವೊಮ್ಮೆ ಕಾಣೋದೇ ಇಲ್ಲ, ಹಾಗಾಗಿ ಎಕ್ಸ್‌ರೇ ಕ್ಲಿಯರ್ ಬಂದ್ರೂ ನೋವು ಹೋಗಿಲ್ಲ ಅಂತ ಡಾಕ್ಟರ್‌ಗೆ ಬಾಯಿಬಿಟ್ಟು ಹೇಳು. ಆ ಮೂಳೆಗೆ ರಕ್ತ ಹರಿಯೋದು ಕಮ್ಮಿ, ಬಿಟ್ರೆ ಕೂಡ್ಕೊಳ್ಳಲ್ಲ, ಆಮೇಲೆ ಜೀವನಪೂರ್ತಿ ಕಾಡತ್ತೆ. ಅಮ್ಮ ಅಪ್ಪಂಗೆ ಮುಚ್ಚಿಡ್ಬೇಡ, ಪ್ರಾಕ್ಟೀಸ್ ಬಿಡಿಸ್ತಾರೆ ಅಂತ ಹೆದರ್ಕೊಂಡು ಮುಚ್ಚಿಡೋ ಹುಡುಗೀರನ್ನ ತುಂಬ ನೋಡಿದೀನಿ.

ವಾಸಿ ಆದ್ಮೇಲೆ ಎರಡು ವಿಷಯ. ಮಣಿಕಟ್ಟಿನ ಪಟ್ಟಲ್ಲಿ ಉಕೆ ಆದವಳು ನೋವು ಬರೋ ತನಕ ಕಾಯಬಾರದು, ತಿರುವು ಬಿಗಿ ಆಗ್ತಿದ್ದ ಹಾಗೇ ಮೈ ಅದರ ಜೊತೆ ಹೋಗ್ಬೇಕು, ಸಾಕು ಅಂತ ಬಿಡುವಿರೋ ಕೈಯಿಂದ ಮ್ಯಾಟ್‌ಗೋ ತೊಡೆಗೋ ತಟ್ಟಬೇಕು. ಬೀಳುವಾಗ ಕೈ ಊರೋದು ಅಭ್ಯಾಸ ಆಗಿದೆ ಅಂದ್ರೆ ಕಟಾ ಪಕ್ಕಕ್ಕಿಟ್ಟು ಒಂದು ತಿಂಗಳು ಬರೀ ಉಕೆಮಿ, ಅಂದ್ರೆ ಪೆಟ್ಟಾಗದ ಹಾಗೆ ಬೀಳೋ ಅಭ್ಯಾಸ. ಇನ್ನು ನಿನ್ನ ಪಾರ್ಟ್ನರ್‌ಗೆ ಹೇಳು, ಉಕೆ ಜೋರಾಗಿ ಬರಬೇಕು ಅಂತ ನಾನು ಮೇಲೆ ಬರೆದಿದೀನಿ, ತೋರಿ ಜೋರಾಗಿ ತಿರುಚಬೇಕು ಅಂತ ಎಲ್ಲೂ ಬರೆದಿಲ್ಲ. ಮೊಣಕೈ, ಮಣಿಕಟ್ಟಿನ ಕೊನೇ ಎರಡಿಂಚು ಯಾವಾಗ್ಲೂ ನಿಧಾನಕ್ಕೇ.

ನಮಸ್ಕಾರ. ನನ್ನ ಮಗಳು ಒಂಬತ್ತನೇ ಕ್ಲಾಸು. ಟ್ಯೂಷನ್ ಮುಗಿಸಿ ಬರೋವಾಗ ಕತ್ತಲಾಗತ್ತೆ. ಬೇಸಿಗೆ ರಜದಲ್ಲಿ ಹತ್ತು ದಿನದ ಸೆಲ್ಫ್ ಡಿಫೆನ್ಸ್ ಕ್ಯಾಂಪ್ ಇದೆ, ಜೂಡೊ ಕಟಾ ಹೇಳಿಕೊಡ್ತಾರಂತೆ, ಸರ್ಟಿಫಿಕೇಟೂ ಕೊಡ್ತಾರಂತೆ. ಸೇರಿಸ್ಲಾ? ಒನಕೆ ಓಬವ್ವ ತರ ಆಗ್ಲಿ ಅಂತ ಆಸೆ.
— ತಾಯಿ, ತುಮಕೂರು

ಸೇರಿಸಿ ಅಮ್ಮಾ, ರಜದಲ್ಲಿ ಮೊಬೈಲ್ ನೋಡೋಕಿಂತ ಒಳ್ಳೇದೇ. ಆದ್ರೆ ಹತ್ತು ದಿನಕ್ಕೆ 21 ಪಟ್ಟು ಹೇಳ್ಕೊಟ್ರೆ ಹನ್ನೊಂದನೇ ದಿನ ಒಂದೂ ನೆನಪಿರಲ್ಲ, ನೆನಪಿದೆ ಅಂತ ಮಗು ಅಂದ್ಕೊಂಡಿರತ್ತೆ, ಅದು ಇನ್ನೂ ಅಪಾಯ. ಕ್ಯಾಂಪ್ ನಡೆಸೋರನ್ನ ಒಂದು ಮಾತು ಕೇಳಿ, ಎಷ್ಟು ಪಟ್ಟು ಹೇಳ್ಕೊಡ್ತೀರ ಅಂತ. ಮೂರು ನಾಲ್ಕು ಅಂದ್ರೆ ಧೈರ್ಯವಾಗಿ ಕಳಿಸಿ. ಮಣಿಕಟ್ಟು ಹಿಡಿದಾಗ ಬಿಡಿಸ್ಕೊಳ್ಳೋದು, ಹಿಂದಿನಿಂದ ತಬ್ಬಿ ಹಿಡಿದಾಗ ಹಿಮ್ಮಡಿಯಿಂದ ಅವನ ಪಾದದ ಮೇಲೆ ತುಳಿದು ತೋಳು ಸಡಿಲ ಮಾಡ್ಕೊಳ್ಳೋದು, ಹಿಂದಿನಿಂದ ಕುತ್ತಿಗೆಗೆ ತೋಳು ಹಾಕಿದಾಗ ಮೊದಲು ಗದ್ದ ಕೆಳಗೆ ಒತ್ತಿ ಆ ತೋಳನ್ನ ಎರಡೂ ಕೈಲಿ ಎಳೆದು ಉಸಿರಿಗೆ ಜಾಗ ಮಾಡ್ಕೊಳ್ಳೋದು, ಈ ಮೂರೂ ಗೋಶಿನ್ ಜುಟ್ಸುದಲ್ಲೇ ಇವೆ. ಮನೇಲಿ ನೀವೇ ಉಕೆ ಆಗಿ! ಅಡುಗೆ ಮನೇಲಿ ಬೇಡ, ಹಾಲ್‌ನಲ್ಲಿ, ಹಿಂದಿನಿಂದ ಹೇಳ್ದೆ ಬಂದು ಹಿಡ್ಕೊಳ್ಳಿ, ಗಟ್ಟಿಯಾಗಿ ಹಿಡ್ಕೊಳ್ಳಿ, ಅವಳು ಕೂಗಲಿ. ಕೂಗೋದನ್ನೂ ಅಭ್ಯಾಸ ಮಾಡಿಸ್ಬೇಕು, ನಮ್ಮ ಹೆಣ್ಮಕ್ಕಳಿಗೆ ಪಟ್ಟು ಬೇಗ ಬರತ್ತೆ, ದನಿ ಬರಲ್ಲ.

ಹೆಂಗಸರಿಗೆ ಅಂತಲೇ ಕೊಡೊಕಾನ್ 1943ರಲ್ಲಿ ಜೋಶಿ ಗೋಶಿನ್ ಹೋ ಅಂತ ಬೇರೆ ಒಂದನ್ನ ಮಾಡಿತ್ತು, ಅದರಲ್ಲಿ ಮೊದಲ ಭಾಗ ಒಬ್ಬರೇ ಮಾಡೋ ಅಭ್ಯಾಸ, ಆಮೇಲೆ ಹಿಡಿತ ಬಿಡಿಸ್ಕೊಳ್ಳೋದು, ಆಮೇಲೆ ಎದುರೇಟು. ಈ ಕ್ರಮ ನನಗೆ ಇವತ್ತಿಗೂ ಇಷ್ಟ, ಯಾಕಂದ್ರೆ ಬಿಡಿಸ್ಕೊಂಡು ಓಡೋದೇ ಮುಖ್ಯ, ಕೆಡವೋದು ಆಮೇಲೆ.

ಓಬವ್ವನ ಮಾತು ಎತ್ತಿದ್ರಲ್ಲ, ಚಿತ್ರದುರ್ಗದ ಆ ಕಿಂಡಿ ನೋಡಿದೀರಾ, ಒಬ್ಬೊಬ್ಬರಾಗೇ ನುಸುಳಿ ಬರಬೇಕು. ಆಯಮ್ಮ ನಿಂತ ಜಾಗದಲ್ಲೇ ಅರ್ಧ ಯುದ್ಧ ಗೆದ್ದಾಗಿತ್ತು. ಮಗಳಿಗೂ ಟ್ಯೂಷನ್ ದಾರೀಲಿ ಎಲ್ಲಿ ಬೆಳಕಿದೆ, ಯಾವ ಅಂಗಡಿ ಎಷ್ಟೊತ್ತಿನ ತನಕ ತೆರೆದಿರತ್ತೆ ಅಂತ ಜೊತೇಲಿ ನಡ್ಕೊಂಡು ಹೋಗಿ ತೋರಿಸಿ, 112 ನಂಬರ್ ಫೋನಲ್ಲಿ ಒಂದೇ ಒತ್ತಿಗೆ ಸಿಗೋ ಹಾಗಿಡಿ. ಸಾಧ್ಯವಾದ್ರೆ ಟ್ಯೂಷನ್ ಟೈಮ್ ಬದಲಾಯಿಸಿ, ಯಾವ ಕಟಾಗಿಂತಲೂ ಅದು ಮೇಲು.

ನನಗೆ 59. ಬ್ಯಾಂಕಿಂದ ವಿಆರ್‌ಎಸ್ ತಗೊಂಡಿದೀನಿ. ಕಾಲೇಜಲ್ಲಿದ್ದಾಗ ಜೂಡೊ ಆಡ್ತಿದ್ದೆ. ಈಗ ಎಸೆತ ಬಿಗಿತ ಆಗಲ್ಲ, ಮಂಡಿ ಸರಿ ಇಲ್ಲ. ಯಾವುದಾದ್ರೂ ಕಟಾ ಮಾಡ್ಬಹುದಾ?
— ನಿವೃತ್ತರು, ಮಂಗಳೂರು

ಮಾಡ್ಬಹುದು ಸರ್, ಜು ನೋ ಕಟಾ ನಿಮಗೆ ಅಂತಲೇ ಇದ್ದಂಗಿದೆ. 15 ಪಟ್ಟು, ಯಾವುದರಲ್ಲೂ ಬೀಳೋ ಹಾಗಿಲ್ಲ, ಜೂಡೊ ಡ್ರೆಸ್ ಹಿಡ್ಕೊಳ್ಳೋದಿಲ್ಲ ಹಾಗಾಗಿ ಪ್ಯಾಂಟ್ ಶರ್ಟಲ್ಲೂ ಆಗತ್ತೆ, ಮ್ಯಾಟೂ ಬೇಡ. ನಿಧಾನಕ್ಕೆ ತಳ್ತಾರೆ, ನೀವು ಎದುರು ಒತ್ತದೆ ತಿರುಗಿ ಆ ಬಲವನ್ನ ಹಾದು ಹೋಗೋಕೆ ಬಿಡ್ತೀರ, ಅವರು ಮತ್ತೆ ತಿರುಗ್ತಾರೆ, ಕೊನೆಗೆ ಅಲುಗಾಡೋಕೆ ಆಗದ ಹಂಗೆ ಆಗತ್ತೆ. ಇದಕ್ಕೆ ಹೆಸರಾದೋರು ಕೆಯ್ಕೊ ಫುಕುದಾ, ಕಾನೊ ಅವರ ನೇರ ಶಿಷ್ಯೆಯರಲ್ಲಿ ಕೊನೆಯವರು, ಅವರ ಅಜ್ಜನೇ ಕಾನೊಗೆ ಜುಜುಟ್ಸು, ಅಂದ್ರೆ ಜೂಡೊ ಹುಟ್ಟಿದ ಹಳೇ ವಿದ್ಯೆ, ಹೇಳ್ಕೊಟ್ಟ ಗುರು. 1964ರ ಟೋಕಿಯೋ ಒಲಿಂಪಿಕ್ಸಲ್ಲಿ ಜು ನೋ ಕಟಾ ಪ್ರದರ್ಶನ ಮಾಡಿದ್ರು, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆಲೆಸಿ ತೊಂಬತ್ತು ದಾಟಿದ್ರೂ ಪಾಠ ಮಾಡ್ತಿದ್ರು, 2013ರಲ್ಲಿ 99ನೇ ವಯಸ್ಸಲ್ಲಿ ತೀರ್ಕೊಂಡ್ರು.

ಒಂದೇ ಎಚ್ಚರಿಕೆ, ಕೆಲವು ಪಟ್ಟಲ್ಲಿ ಪಾರ್ಟ್ನರ್‌ನ ಬೆನ್ನ ಮೇಲೆ ಎತ್ತಿಕೊಳ್ಳೋದಿದೆ, ಹಿಂದಕ್ಕೆ ಬಾಗೋದೂ ಇದೆ. ಸೊಂಟ ನೋವಿದ್ರೆ ಎತ್ತಬೇಡಿ, ಎತ್ತೋ ಭಂಗಿವರೆಗೆ ಹೋಗಿ ನಿಲ್ಲಿಸಿ. ಕಿಮೆ ನೋ ಕಟಾ ಕಡೆ ತಲೆನೂ ಹಾಕ್ಬೇಡಿ, ಕಾಲ್ಬೆರಳ ಮೇಲೆ ಮಂಡಿಯೂರಿ ಕೂತು ಏಳೋದು ನಿಮ್ಮ ಮಂಡಿಗೆ ಆಗಲ್ಲ.

ನಾನು ಬೆಂಗಳೂರಲ್ಲಿ ಸೆಕ್ಯುರಿಟಿ ಕೆಲಸ ಮಾಡ್ತೀನಿ. ಪಿಸ್ತೂಲ್ ಹಿಡಿದವನ ಕೈಯಿಂದ ಕಿತ್ಕೊಳ್ಳೋದು ಕಟಾದಲ್ಲಿದೆಯಂತೆ, ನಿಜವಾಗ್ಲೂ ಆಗತ್ತಾ? ಕಿತ್ಕೊಂಡು ಹೊಡೆದ್ರೆ ನಮ್ಮ ಮೇಲೇ ಕೇಸ್ ಆಗತ್ತಾ ಮೇಡಂ?

ಎರಡನೇದಕ್ಕೆ ಮೊದಲು ಹೇಳ್ತೀನಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರ ತನಕದ ಸೆಕ್ಷನ್‌ಗಳು ಸ್ವರಕ್ಷಣೆ ಹಕ್ಕಿನದ್ದು, ಮೊದಲು ಐಪಿಸಿಲಿ 96ರಿಂದ 106 ಇತ್ತಲ್ಲ ಅದೇ. ನಿಮ್ಮ ಮೈ, ಬೇರೆಯವರ ಮೈ, ಆಸ್ತಿ ಕಾಪಾಡೋಕೆ ಹಕ್ಕಿದೆ, ಆದ್ರೆ 37ನೇ ಸೆಕ್ಷನ್ ಪ್ರಕಾರ ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಪೆಟ್ಟು ಕೊಡೋ ಹಕ್ಕಿಲ್ಲ. ಆಯುಧ ಕೈ ತಪ್ಪಿ ಅವನು ನೆಲಕ್ಕೆ ಬಿದ್ದು ಸುಮ್ಮನಾದ ಮೇಲೂ ಹೊಡೀತಾ ಇದ್ರೆ ಅದು ರಕ್ಷಣೆ ಅನ್ನಿಸ್ಕೊಳ್ಳಲ್ಲ. ಕಟಾದಲ್ಲಿ ಎಷ್ಟೋ ಪಟ್ಟು ಉಕೆ ತಟ್ಟಿದ ಕೂಡ್ಲೇ ನಿಲ್ಲತ್ತೆ, ಆ ನಿಲ್ಲೋದನ್ನೂ ಕೈಗೆ ಅಭ್ಯಾಸ ಮಾಡಿಸಿ.

ಇನ್ನು ಪಿಸ್ತೂಲು. ಶೋಮೆನ್ ಜುಕೆ ಅನ್ನೋದ್ರಲ್ಲಿ ಉಕೆ ಹೊಟ್ಟೆಗೆ ಪಿಸ್ತೂಲ್ ಒತ್ತಿ ಕೈ ಮೇಲೆತ್ತು ಅಂತಾನೆ, ಎಡಗೈಲಿ ಜೇಬು ತಡಕೋಕೆ ಬರ್ತಾನೆ. ಅವನ ಗಮನ ಜೇಬಿಗೆ ಹೋದ ಆ ಗಳಿಗೇಲಿ ತೋರಿ ಮೊದಲು ಮೈ ತಿರುಗಿಸಿ ನಳಿಕೆ ಎದುರಿಂದ ಆಚೆ ಹೋಗಿ, ಆಮೇಲೆ ಪಿಸ್ತೂಲನ್ನೂ ಮಣಿಕಟ್ಟನ್ನೂ ಹಿಡಿದು ತಿರುಚ್ತಾನೆ. ಮೈಗೆ ತಾಗಿಸಿ ಹಿಡಿದಿದ್ರೆ ಮಾತ್ರ ಇದು ಯೋಚನೆ ಮಾಡೋ ಮಾತು, ನಾಲ್ಕು ಹೆಜ್ಜೆ ದೂರದಲ್ಲಿದ್ರೆ ಯಾವ ಕಟಾನೂ ನಿಮ್ಮನ್ನ ಕಾಪಾಡಲ್ಲ. ಅವನು ದುಡ್ಡು ಕೇಳ್ತಿದ್ರೆ ಕೊಟ್ಬಿಡಿ, ಅದು ನಿಮ್ಮ ಕಂಪನಿ ದುಡ್ಡು, ಇನ್ಶೂರೆನ್ಸ್ ಇರತ್ತೆ. ಕೊಟ್ರೂ ಹೊಡೆದೇ ಹೊಡೀತಾನೆ ಅನ್ನೋದು ಖಾತ್ರಿ ಆದಾಗ ಮಾತ್ರ ಈ ಪಟ್ಟು. ಪ್ರಾಕ್ಟೀಸ್‌ಗೆ ಎದ್ದು ಕಾಣೋ ಬಣ್ಣದ ರಬ್ಬರ್ ಪಿಸ್ತೂಲ್ ತಗೊಳ್ಳಿ, ಥೇಟ್ ನಿಜದ್ದರ ತರ ಇರೋದನ್ನ ಬ್ಯಾಗಲ್ಲಿಟ್ಕೊಂಡು ಮೆಟ್ರೋ ಹತ್ತಬೇಡಿ.

ಕಟಾದಲ್ಲೂ ವರ್ಲ್ಡ್ ಚಾಂಪಿಯನ್‌ಶಿಪ್ ಇದೆಯಂತೆ? ಯಾರು ಗೆದ್ರು ಅಂತ ಹೇಗೆ ಹೇಳ್ತಾರೆ?
— ಶಿವಮೊಗ್ಗ

ಇದೆ, ಮೊದಲನೇದು 2009ರಲ್ಲಿ ಮಾಲ್ಟಾದಲ್ಲಿ ಆಯ್ತು. ನಾಗೆ, ಕತಾಮೆ (ನೆಲದ ಮೇಲಿನ ಹಿಡಿತಗಳದ್ದು), ಜು, ಕಿಮೆ, ಗೋಶಿನ್ ಜುಟ್ಸು ಅಂತ ಐದು ವಿಭಾಗ, ತೂಕದ ಲೆಕ್ಕ ಇಲ್ಲ. ಒಂದೊಂದು ಪಟ್ಟಿಗೂ 10 ಅಂಕ, ಸಣ್ಣ ತಪ್ಪಿಗೆ 1, ಮಧ್ಯಮಕ್ಕೆ 3, ದೊಡ್ಡದಕ್ಕೆ 5 ಕಳೀತಾರೆ. ತೋರಿ ಉಕೆ ಇಬ್ಬರಿಗೂ ಸೇರಿ ಒಂದೇ ಅಂಕ, ಇಬ್ಬರಿಗೂ ಒಂದೇ ಮೆಡಲ್. ಉಕೆ ಸರಿಯಾಗಿ ದಾಳಿ ಮಾಡದಿದ್ರೆ ಅಲ್ಲೂ ಅಂಕ ಹೋಗತ್ತೆ, ಹಾಸನದ ಹುಡುಗ ಇದನ್ನೂ ಓದ್ಕೊಳ್ಲಿ.

ಮ್ಯಾಚಲ್ಲಿ ಕಾಲು ಹಿಡಿಯೋ ಹಾಗಿಲ್ಲ ಅಂತಾರೆ, ಆದ್ರೆ ನಾಗೆ ನೋ ಕಟಾದಲ್ಲಿ ಕಾತಾ ಗುರುಮಾ ಮಾಡುವಾಗ ತೊಡೆಗೆ ಕೈ ಹಾಕಿ ಹೆಗಲ ಮೇಲೆ ಎತ್ತಬೇಕು. ಇದು ಯಾಕೆ ತೆಗೆದಿಲ್ಲ?
— ಬಾಗಲಕೋಟೆ

ಆ ನಿಯಮ ಬರೀ ಪಂದ್ಯಕ್ಕೆ. 2010ರಲ್ಲಿ ಅಂತರರಾಷ್ಟ್ರೀಯ ಫೆಡರೇಶನ್ ಕಾಲು ಹಿಡಿಯೋದಕ್ಕೆ ಅರ್ಧಂಬರ್ಧ ಕಡಿವಾಣ ಹಾಕ್ತು, 2013ರಲ್ಲಿ ಪೂರ್ತಿ ನಿಲ್ಲಿಸ್ತು, ಸೊಂಟ ಬಗ್ಗಿಸಿ ಕಾಲಿಗೇ ನುಗ್ಗೋದು ಜಾಸ್ತಿ ಆಗಿತ್ತು ಅಂತ. ಕಟಾಗೆ ಅದು ತಾಗಲ್ಲ, ಪಂದ್ಯದ ರೂಲ್ಸ್ ಬದಲಾದಾಗೆಲ್ಲ ಕಟಾ ತಿದ್ದೋಕೆ ಹೋದ್ರೆ ಹಳೇ ಪಟ್ಟು ಒಂದೂ ಉಳಿಯಲ್ಲ. ಗೋಶಿನ್ ಜುಟ್ಸುದಲ್ಲೂ ಮಾಎ ಗೆರಿ ಅನ್ನೋ ಪಟ್ಟಲ್ಲಿ ಒದೆಯೋಕೆ ಬಂದ ಕಾಲಿನ ಹರಡು ಹಿಡಿದು ತಿರುಚಿ ತಳ್ಳೋದಿದೆ. ಕಾತಾ ಗುರುಮಾಗೆ ಒಂದು ಸಲಹೆ, ಬೆನ್ನು ಬಗ್ಗಿಸಿ ಎತ್ತಬೇಡಿ, ಮಂಡಿ ಬಗ್ಗಿಸಿ ಕೆಳಗಿಳಿದು ಅವನ ತೋಳನ್ನ ಎಳೀತಾ ಹೆಗಲ ಮೇಲೆ ಬರಿಸ್ಕೊಳ್ಳಿ, ಎಳೆತ ಸರಿ ಇದ್ರೆ ಭಾರ ಅರ್ಧ ಆಗತ್ತೆ. ನಿಮಗಿಂತ ಹದಿನೈದು ಕೆಜಿ ಜಾಸ್ತಿ ಇರೋನನ್ನ ಇದಕ್ಕೆ ಪಾರ್ಟ್ನರ್ ಮಾಡ್ಕೊಬೇಡಿ, ಮತ್ತೆ ಮ್ಯಾಚ್ ದಿನ ಬೆಳಿಗ್ಗೆ ವಾರ್ಮ್ ಅಪ್‌ಗೆ ಅಂತ ಇದನ್ನ ಮಾಡ್ಬೇಡಿ, ಕೈ ತಾನಾಗೇ ತೊಡೆಗೆ ಹೋಗಿ ಪೆನಾಲ್ಟಿ ಬೀಳತ್ತೆ.